ಈ ಅವರೆ ಯಾರ ಮನೆಯದು?

ಹೋದ ವಾರ ಪಕ್ಕದ ಮನೆಯವರು ನಮ್ಮ ಬೇಲಿ ಮೇಲಿನ ಅವರೆಕಾಯಿ ಒಂದನ್ನು ಕಿತ್ತರು. ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೇಳಿದರು, "ಇದರ ಬೀಜ ನಿಮ್ಮ ಕೈಗೆ ಬರೋ ತನಕ ಕಾಪಾಡಿಕೊಂಡು ಬಂದವರು ಯಾರು?"

"ನಮ್ಮ ಕಡೆ ಇದನ್ನ ಎಲ್ಲರೂ ಬೆಳೀತಾರೆ" ಅಂದೆ.

"ಎಲ್ಲರೂ ಅಂದ್ರೆ ಯಾರೂ ಅಲ್ಲ. ಯಾರೋ ಒಬ್ಬರು ಇರಲೇಬೇಕಲ್ಲ?"

ಚುಚ್ಚಬೇಕು ಅಂತ ಆಡಿದ ಮಾತಲ್ಲ ಅದು. ಅವರ ಸ್ವಭಾವ ನನಗೆ ಗೊತ್ತು. ಆದರೂ ನನಗೆ ಚುರುಕ್ ಅಂತು. ಆ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಊರಿನವರ ಜೊತೆ ಹಂಚಿಕೊಳ್ಳೋಣ ಅಂತಲೇ ಇದನ್ನು ಬರೆಯಲು ಕೂತಿದ್ದೇನೆ.

ನಾವಿರುವುದು ಅಮೆರಿಕದ ವರ್ಜೀನಿಯಾದಲ್ಲಿ, ಶಾರ್ಲಟ್ಸ್‌ವಿಲ್ ಹತ್ತಿರ. ಪಕ್ಕದ ಮನೆಯ ಯಜಮಾನರಿಗೆ ವಯಸ್ಸಾಗಿದೆ, ಮಂಡಿ ನೋವು ಬೇರೆ. ಆದರೂ ಹಿತ್ತಲು ತುಂಬ ಟೊಮೆಟೊ. ಒಂದೊಂದು ಗಿಡದ್ದೂ ಒಂದೊಂದು ತಳಿ. ಅವರ ಅಡುಗೆಮನೆಯ ಕಪಾಟಿನಲ್ಲಿ ಒಂದು ತಗಡಿನ ಡಬ್ಬ ಇದೆ. ಅದರ ತುಂಬ ಅಂಗೈ ಅಗಲದ ರಟ್ಟಿನ ಚೀಟಿಗಳು. ತಳಿಯ ಹೆಸರು, ಬೀಜ ಕೊಟ್ಟವರು ಯಾರು, ಯಾವ ವರ್ಷ, ಮೊದಲ ಹಣ್ಣು ಯಾವಾಗ ಬಂತು, ರುಚಿ ಹೇಗಿತ್ತು ಎಲ್ಲ ಅದರಲ್ಲಿದೆ. ಕೆಲವು ಚೀಟಿಗಳಲ್ಲಿ ಅವರ ತಾಯಿಯ ಕೈಬರಹವೇ ಇದೆ.

ಆಗಸ್ಟ್‌ನಲ್ಲಿ ಅವರ ಮನೆ ಮುಂದೆ ಉದ್ದ ಮೇಜು ಹಾಕಿ ಬೀದಿಯವರನ್ನೆಲ್ಲ ಕರೆಯುತ್ತಾರೆ. ಒಂದೊಂದು ತಟ್ಟೆಯಲ್ಲಿ ಒಂದೊಂದು ಟೊಮೆಟೊ, ಹೋಳು ಮಾಡಿ ಇಟ್ಟಿರುತ್ತಾರೆ. ಪಕ್ಕದಲ್ಲಿ ಉಪ್ಪು, ನೀರು, ಅದರ ಚೀಟಿ. ತಿನ್ನಬೇಕು, ಹೋಲಿಸಬೇಕು, ಯಾವುದು ಇಷ್ಟ ಅಂತ ಹೇಳಬೇಕು. ಗ್ರೀನ್ ಜೀಬ್ರಾ ಅಂತ ಒಂದಿದೆ. ಹಣ್ಣಾದರೂ ಹಸಿರು, ಮೈಮೇಲೆ ಪಟ್ಟೆ. ಹುಳಿ ಜಾಸ್ತಿ. ನನಗೆ ಅದನ್ನು ಕಂಡರೆ ಸಾರು ಮಾಡೋಣ ಅನಿಸುತ್ತದೆ. ಬ್ರಾಂಡಿವೈನ್ ಗುಲಾಬಿ ಬಣ್ಣದ ದಪ್ಪ ಹಣ್ಣು, ಬರೀ ಸಿಪ್ಪೆಯ ಗುಣದಿಂದ ಆ ಬಣ್ಣ. ಟೊಮೆಟೊ ಸಿಪ್ಪೆಗೆ ಹಳದಿ ಬಣ್ಣ ಇದ್ದರೆ ಹಣ್ಣು ಕೆಂಪಾಗಿ ಕಾಣುತ್ತದೆ, ಬಣ್ಣವಿಲ್ಲದ ಸಿಪ್ಪೆಯಾದರೆ ಗುಲಾಬಿ. ಒಳಗಿನ ತಿರುಳು ಎರಡರದ್ದೂ ಕೆಂಪೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೆರೋಕೀ ಪರ್ಪಲ್. ಹೊರಗೆ ಮಾಸಲು ನೇರಳೆ. ಅಡ್ಡ ಕೊಯ್ದರೆ ನಡುವೆ ಇಟ್ಟಿಗೆ ಕೆಂಪು, ಬೀಜದ ಸುತ್ತಿನ ಲೋಳೆ ಹಸಿರು. ಹಣ್ಣಾಗುವಾಗ ಹಸಿರು ಪೂರ್ತಿ ಹೋಗದೆ ಒಳಗೇ ಉಳಿಯುತ್ತದೆ. ಅದು ಕೆಂಪಿನ ಜೊತೆ ಸೇರಿಯೇ ಆ ಬಣ್ಣ. ತೊಟ್ಟಿನ ಸುತ್ತ ಹಣ್ಣಿನ ಹೆಗಲಿನ ಹಾಗಿರುವ ಜಾಗ ಮಾತ್ರ ಹಸಿರು ಕಲೆಯಾಗಿಯೇ ನಿಂತಿರುತ್ತದೆ. ಅಂಗಡಿಯವರಿಗೆ ಆ ಹಸಿರು ಹೆಗಲು ಆಗಿಬರುವುದಿಲ್ಲ. ಎಲ್ಲ ಕಡೆ ಒಂದೇ ಬಣ್ಣ ಬರುವ ಟೊಮೆಟೊನೇ ಬೇಕು ಅಂತ ಎಷ್ಟೋ ವರ್ಷಗಳಿಂದ ತಳಿಗಳನ್ನು ಆರಿಸಿದರು. ಹಾಗೆ ಒಂದೇ ಬಣ್ಣ ಕೊಡುವ ಗುಣ ಹಣ್ಣಿನ ಸಕ್ಕರೆಯನ್ನೂ ಕಡಿಮೆ ಮಾಡಿತ್ತು ಅಂತ 2012ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನುಣ್ಣಗೆ, ಕೆಂಪಗೆ ಹೊಳೆಯುವ ಟೊಮೆಟೊ ತಿಂದಾಗ ಏನೋ ಕಡಿಮೆ ಅನಿಸುವುದು ಸುಮ್ನೆ ಅಲ್ಲ.

ಆ ಚೆರೋಕೀ ಪರ್ಪಲ್‌ಗೆ ಮೊದಲು ಹೆಸರೇ ಇರಲಿಲ್ಲವಂತೆ. 1990ರಲ್ಲಿ ಟೆನೆಸಿಯ ಜಾನ್ ಗ್ರೀನ್ ಎಂಬುವರು ಒಂದಷ್ಟು ಬೀಜವನ್ನು ಅಂಚೆಯಲ್ಲಿ ಕ್ರೇಗ್ ಲೆಹೂಲಿಯರ್ ಎಂಬ ಟೊಮೆಟೊ ಪ್ರೇಮಿಗೆ ಕಳಿಸಿದರು. ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಬುಡಕಟ್ಟಿನವರಿಂದ ಬಂದದ್ದು ಅಂತ ಜೊತೆಗೊಂದು ಪತ್ರ. ಬೆಳೆದು ರುಚಿ ನೋಡಿದ ಲೆಹೂಲಿಯರ್ ಅವರೇ ಹೆಸರಿಟ್ಟರು. ಇನ್ನೊಂದು ತಳಿ ಮಾರ್ಟ್‌ಗೇಜ್ ಲಿಫ್ಟರ್, ಅಂದರೆ ಅಡಮಾನದ ಸಾಲ ಇಳಿಸುವುದು. ವೆಸ್ಟ್ ವರ್ಜೀನಿಯಾದ ಒಬ್ಬ ಮೆಕ್ಯಾನಿಕ್ ತಾನೇ ತಳಿ ಬೆರೆಸಿ ಮಾಡಿದ್ದು. ಒಂದೊಂದು ಸಸಿಯನ್ನು ಒಂದೊಂದು ಡಾಲರಿಗೆ ಮಾರಿ, ಆರು ವರ್ಷದಲ್ಲಿ ಮನೆ ಮೇಲಿನ 6,000 ಡಾಲರ್ ಸಾಲ ತೀರಿಸಿದನಂತೆ. ಇದನ್ನೆಲ್ಲ ನಮ್ಮ ಪಕ್ಕದ ಮನೆಯವರು ಮಕ್ಕಳಿಗೆ ಹೇಳುವುದನ್ನು ಕೇಳಬೇಕು. ತಮ್ಮ ನೆಂಟರ ಸುದ್ದಿ ಹೇಳಿದ ಹಾಗೆ ಹೇಳುತ್ತಾರೆ.

ಈಗ ಅವರೆಗೆ ಬರೋಣ.

ಅವರ ಬೇಲಿಯಲ್ಲೂ ಅವರೆ ಇದೆ! ನೇರಳೆ ಹೂ, ನೇರಳೆ ಕಾಯಿ. ಆದರೆ ಅವರು ಬೆಳೆಸುವುದು ಹೂವಿನ ಚೆಂದಕ್ಕೆ. ಇಲ್ಲಿ ಬೀಜದ ಪೊಟ್ಟಣದ ಮೇಲೆ ಅಲಂಕಾರದ ಬಳ್ಳಿ ಅಂತ ಇರುತ್ತದೆ, ವಿಷ ಇದೆ ಅನ್ನುವ ಎಚ್ಚರಿಕೆಯೂ ಇರುತ್ತದೆ. ಅದು ಸುಳ್ಳೂ ಅಲ್ಲ. ಒಣ ಅವರೆಯನ್ನು ಹಸಿಯಾಗಿ ತಿನ್ನಬಾರದು, ನೆನೆಸಿ ಚೆನ್ನಾಗಿ ಬೇಯಿಸಬೇಕು. ನಮ್ಮಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ ಅಷ್ಟೆ. ನಾನು ಮೊದಲ ಸಲ ಹಿತುಕಿದ ಬೇಳೆ ಸಾರು ಮಾಡಿ ಕೊಟ್ಟಾಗ ಅವರು ಚಮಚ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಬಟ್ಟಲು ಖಾಲಿ ಮಾಡಿದರು. "ಇಷ್ಟು ವರ್ಷ ಇದನ್ನ ಬರೀ ನೋಡ್ತಾ ಇದ್ದೆನಲ್ಲ" ಅಂದರು. ಆವತ್ತು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ನಮ್ಮ ಬೇಲಿಯಲ್ಲಿ ಎರಡೂ ಬೆಳೆದು ನೋಡಿದ್ದೇನೆ. ಅವರು ಕೊಟ್ಟ ನೇರಳೆ ಅವರೆ ಬೇಸಿಗೆ ಮುಗಿಯುವ ಮೊದಲೇ ಹೂ ಬಿಡುತ್ತದೆ. ಕಾಯಿ ನೋಡಲು ಚೆಂದ, ಎಳೆಯದಾದರೆ ಪಲ್ಯಕ್ಕೆ ಅಡ್ಡಿಯಿಲ್ಲ, ಸೊಗಡು ಮಾತ್ರ ಇಲ್ಲ. ನಮ್ಮ ಹಸಿರು ಅವರೆಯ ಕತೆಯೇ ಬೇರೆ. ಜೂನ್, ಜುಲೈ, ಆಗಸ್ಟ್ ಪೂರ್ತಿ ಬಳ್ಳಿ ಹಬ್ಬುತ್ತದೆ, ಎಲೆ ಬಿಡುತ್ತದೆ, ಹೂವಿನ ಸುಳಿವೇ ಇಲ್ಲ. ನಾಡ ಅವರೆಗೆ ಹಗಲು ಚಿಕ್ಕದಾದರೇನೇ ಹೂ. ಜೂನ್‌ನಲ್ಲಿ ಇಲ್ಲಿ ಹಗಲು 14 ಗಂಟೆಗೂ ಜಾಸ್ತಿ, ಬೆಂಗಳೂರಿನಲ್ಲಿ 13 ಗಂಟೆಯೂ ಆಗುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮ ಆದಮೇಲೆ ನಮ್ಮ ಬಳ್ಳಿ ಹೂವಾಗುತ್ತದೆ. ಅಷ್ಟರಲ್ಲಿ ಚಳಿ ಹತ್ತಿರ ಬಂದಿರುತ್ತದೆ. ಒಂದು ರಾತ್ರಿ ಹಿಮ ಬಿದ್ದರೆ ಬೆಳಿಗ್ಗೆ ಬಳ್ಳಿಯೆಲ್ಲ ಕಪ್ಪು. ನಡುವೆ ಸಿಗುವುದು ಒಂದೆರಡು ಬೊಗಸೆ ಕಾಯಿ. ಆದರೆ ಆ ಕಾಯಿ ಕಿತ್ತರೆ ಬೆರಳಿಗೆ ಅಂಟುವ ಜಿಡ್ಡು, ಆ ವಾಸನೆ... ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಹಗಲಿನ ಲೆಕ್ಕ ನೋಡದೆ ಯಾವಾಗ ಬಿತ್ತಿದರೂ ಕಾಯಿ ಕೊಡುವ ಅವರೆಯೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ, ಎಚ್‌ಎ-3, ಎಚ್‌ಎ-4. ಪೊದೆಯ ಹಾಗೆ ಗಿಡ್ಡ ಗಿಡ. ಅವುಗಳಿಂದಾಗಿಯೇ ಈಗ ಮಾರ್ಕೆಟ್‌ನಲ್ಲಿ ವರ್ಷವಿಡೀ ಅವರೆಕಾಯಿ. ರೈತರಿಗೆ ಅನುಕೂಲವಾಗಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಂಜು ಬೀಳುವ ಕಾಲದ ಮಾಗಡಿ ಅವರೆ ತಿಂದ ನಾಲಿಗೆಗೆ ಎರಡರ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಆ ಹಸಿರು ಅವರೆಯ ಬೀಜ ನನಗೆ ಸಿಕ್ಕಿದ್ದು ನ್ಯೂಜೆರ್ಸಿಯ ಒಂದು ಕನ್ನಡ ಕುಟುಂಬದಿಂದ. ಪಕ್ಕದ ಮನೆಯವರು ಕೇಳಿದ ಮೇಲೆ ಅವರಿಗೆ ಫೋನ್ ಮಾಡಿದೆ. ಅವರಿಗೆ ಕೊಟ್ಟವರು ಟೆಕ್ಸಸ್‌ಗೆ ಹೋದರಂತೆ. ಅವರಿಗೆ ಯಾರು ಕೊಟ್ಟರೋ ನೆನಪಿಲ್ಲವಂತೆ. ಕೋಲಾರದ್ದೋ, ಮಾಗಡಿಯದ್ದೋ, ಹಾಸನದ್ದೋ, ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯವರು ನನಗೊಂದು ಹೊಸ ಚೀಟಿ ಕೊಟ್ಟಿದ್ದರು. ಅದರಲ್ಲಿ 'ಅವರೆ, ಕರ್ನಾಟಕ' ಅಂತ ಬರೆದೆ. ಮುಂದಕ್ಕೆ ಏನೂ ತೋಚಲಿಲ್ಲ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಮಾಂಟಿಚೆಲ್ಲೊ ಇದೆ, ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮನೆ. ಗುಡ್ಡದ ಇಳಿಜಾರಿನಲ್ಲಿ 1,000 ಅಡಿ ಉದ್ದದ ತರಕಾರಿ ತೋಟ. ಆ ತೋಟದಲ್ಲೂ ಚಪ್ಪರಕ್ಕೆ ಇದೇ ನೇರಳೆ ಅವರೆ ಹಬ್ಬಿಸಿದ್ದಾರೆ. ಜೆಫರ್ಸನ್ 330 ಬಗೆಯ ತರಕಾರಿ ಬೆಳೆಸಿ ಹೋಲಿಸಿ ನೋಡಿದವರು. 1766ರಿಂದ 1824ರ ತನಕ ಯಾವ ಬೀಜ ಯಾವಾಗ ಬಿತ್ತಿದ್ದು, ಯಾವಾಗ ಊಟಕ್ಕೆ ಬಂತು ಅಂತ ಬರೆದಿಟ್ಟರು. ಮೊದಲ ಬಟಾಣಿ ಯಾರ ಮನೆಯಲ್ಲಿ ಅಂತ ನೆರೆಹೊರೆಯವರ ಜೊತೆ ಪೈಪೋಟಿ ಬೇರೆ. ಆದರೆ ಆ ಗುಡ್ಡ ಕಡಿದು ಸಮ ಮಾಡಿದ್ದು, ಅಗೆದದ್ದು, ನೆಟ್ಟಿದ್ದು ಗುಲಾಮರು. ತೋಟದ ಮುಖ್ಯ ಕೆಲಸಗಾರ ವರ್ಮ್‌ಲಿ ಹ್ಯೂಸ್ ಕೂಡ ಗುಲಾಮನೇ. ಬರೆದವರ ಹೆಸರು ದೊಡ್ಡದಾಯಿತು. ಮಣ್ಣು ಮುಟ್ಟಿದವರ ಹೆಸರುಗಳನ್ನು ಈಗೀಗ ಹುಡುಕಿ ಹುಡುಕಿ ಹೇಳುತ್ತಿದ್ದಾರೆ. ಅಲ್ಲಿ ನಿಂತಾಗಲೆಲ್ಲ ನನಗೆ ನಮ್ಮಜ್ಜಿ ನೆನಪಾಗುತ್ತಾರೆ. ಅವರ ಕೆಲಸವನ್ನು ಬರೆದುಕೊಳ್ಳುವವರು ಒಬ್ಬರೂ ಇರಲಿಲ್ಲ.

ಮಾಗಡಿ ತಾಲ್ಲೂಕಿನ ನಮ್ಮ ಹೊಲದಲ್ಲಿ ರಾಗಿ ನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ರಾಗಿ ಕೊಯ್ಲಾದ ಮೇಲೂ ಅವರೆ ನಿಂತಿರುತ್ತಿತ್ತು. ಬೀಜದ ಕಾಯಿ ಆರಿಸುವ ಕೆಲಸ ಅಜ್ಜಿಯದ್ದೇ. ತುಂಬಿದ ಕಾಯಿ ಇರುವ ಗಿಡಕ್ಕೆ ಹಳೆ ಸೀರೆಯ ಚಿಂದಿ ಕಟ್ಟುತ್ತಿದ್ದರು. ಆ ಗಿಡ ಯಾರೂ ಮುಟ್ಟುವ ಹಾಗಿರಲಿಲ್ಲ, ನಾವು ಮಕ್ಕಳು ಅತ್ತರೂ ಇಲ್ಲ. ಅದು ಗಿಡದಲ್ಲೇ ಒಣಗಬೇಕು. ಆಮೇಲೆ ಬಡಿದು, ಒಂದೊಂದೇ ಕಾಳು ನೋಡಿ, ಬೂದಿ ಬೆರೆಸಿ ಮಡಕೆಗೆ. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸಗಣಿ ಸಾರಿಸಿ ಅಟ್ಟದ ಮೇಲೆ. ಯಾವುದು ಸೊಗಡು ಜಾಸ್ತಿ, ಯಾವುದು ಬೇಗ ಬೇಯುತ್ತದೆ, ಯಾವುದಕ್ಕೆ ಹುಳ ಕಡಿಮೆ ಅನ್ನುವುದೆಲ್ಲ ಅವರ ಬಾಯಲ್ಲೇ ಇತ್ತು. ಪಕ್ಕದ ಮನೆಯವರ ತಗಡಿನ ಡಬ್ಬದಲ್ಲಿರುವಷ್ಟೂ ವಿವರ ಒಬ್ಬ ಹೆಂಗಸಿನ ತಲೆಯಲ್ಲಿತ್ತು. ಮನೆಯಲ್ಲಿ ಬೇಸಾಯ ಅಂದರೆ ಗಂಡಸರ ಮಾತು. ಅಜ್ಜಿಯನ್ನು ಕೂರಿಸಿಕೊಂಡು ಕೇಳಿದವರಿಲ್ಲ. ನಮ್ಮ ಊರುಗಳ ಬಗ್ಗೆ ನನಗಿರುವ ಬೇಜಾರು ಇದೇ. ಬೆಳೆಯ ಬೆಲೆ ಬರೆದಿಡುತ್ತೇವೆ, ಪಹಣಿಯಲ್ಲಿ ಗುಂಟೆ ಗುಂಟೆಗೂ ಲೆಕ್ಕ ಇರುತ್ತದೆ. ಬೀಜ ಉಳಿಸಿದವರ ಹೆಸರಿಗೆ ಎಲ್ಲೂ ಜಾಗ ಇಲ್ಲ.

ಎಲ್ಲ ಕಡೆ ಹೀಗೇ ಅಂತಲೂ ಅಲ್ಲ. ಉಡುಪಿಯ ಮಟ್ಟುಗುಳ್ಳ ಬದನೆಗೆ ಊರಿನ ಹೆಸರಿದೆ, ವಾದಿರಾಜರು ಬೀಜ ಕೊಟ್ಟರು ಅನ್ನುವ ಕತೆ ಇದೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ 'ಬಡಾ ಬಾಗ್'ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದೆ. ಭತ್ತದ ತಳಿಗಳನ್ನಂತೂ ಅವರು ಸಾವಿರದ ಲೆಕ್ಕದಲ್ಲಿ ಉಳಿಸಿದ್ದಾರೆ. ಇದನ್ನು ಪಕ್ಕದ ಮನೆಯವರಿಗೆ ಹೇಳಿದಾಗ ಅವರು ಘನಿ ಖಾನ್ ಅವರ ಹೆಸರನ್ನು ಕಾಗುಣಿತ ಕೇಳಿ ಬರೆದುಕೊಂಡರು.

ಮೊನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನಮ್ಮ ಹೊಲ ಲೇಔಟ್ ಆಗಿ ಬಹಳ ಕಾಲವಾಯಿತು. ಅಜ್ಜಿಯ ಅವರೆ ಅದರ ಜೊತೆಗೇ ಹೋಯಿತು ಅಂದುಕೊಂಡಿದ್ದೆ.

"ಹೋಗಿಲ್ಲ ಕಣೆ. ನನ್ ನಾದ್ನಿ ಹೊಲ್ದಲ್ಲಿ ಈಗ್ಲೂ ಅಕ್ಕಡಿ ಸಾಲಿಗೆ ಹಾಕ್ತಾಳೆ. ಅಮ್ಮ ನನ್ ಮದ್ವೇಲಿ ಕೊಟ್ಟಿದ್ ಬೀಜ ಅದು. ಅಮ್ಮಂಗೂ ಅವ್ರಮ್ಮ ಕೊಟ್ಟಿದ್ದು, ಕುದೂರು ಕಡೆಯಿಂದ ಬಂದಿದ್ದು."

"ಅಜ್ಜಿಯ ಅಮ್ಮನ ಹೆಸರೇನು ಚಿಕ್ಕಮ್ಮ?"

ಚಿಕ್ಕಮ್ಮ ಯೋಚನೆ ಮಾಡಿದರು. ನೆನಪಾಗಲಿಲ್ಲ. ಮಾರನೇ ದಿನ ಕುದೂರಿನ ಯಾರನ್ನೋ ವಿಚಾರಿಸಿ ಹೆಸರನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಜೊತೆಗೆ ಹೂವಿನ ಫೋಟೊ. ಹೂ ಬಿಳಿ, ಅಂಚಿನಲ್ಲಿ ಸ್ವಲ್ಪ ನೇರಳೆ ಛಾಯೆ. ನಮ್ಮ ಬೇಲಿಯ ಅವರೆಯದ್ದು ಪೂರ್ತಿ ಬಿಳಿ. ಎರಡೂ ಬೇರೆ ಅಂತ ಅಲ್ಲಿಗೆ ಖಚಿತವಾಯಿತು. ನಾದಿನಿಯ ಹತ್ತಿರ ಕೇಳಬೇಕಾದ್ದನ್ನು ಪಟ್ಟಿ ಮಾಡಿ ಕಳಿಸಿದ್ದೇನೆ. ಯಾವ ತಿಂಗಳು ಬಿತ್ತನೆ, ಒಂದು ಕಾಯಿಯಲ್ಲಿ ಎಷ್ಟು ಕಾಳು, ಮಳೆ ಕಡಿಮೆಯಾದ ವರ್ಷ ಹೇಗೆ ತಡೆಯುತ್ತದೆ, ಮತ್ತೆ ಯಾರ್ಯಾರಿಗೆ ಬೀಜ ಕೊಟ್ಟಿದ್ದಾರೆ.

ಬೆಂಗಳೂರಿನಲ್ಲಿರುವ ತಮ್ಮನಿಗೂ ಒಂದು ಕೆಲಸ ಹಚ್ಚಿದ್ದೇನೆ. ಜನವರಿಯಲ್ಲಿ ಆ ನಾದಿನಿಯ ಹೊಲಕ್ಕೆ ಹೋಗಿ ಬೀಜದ ಕಾಯಿ ಆರಿಸುವಾಗ ಜೊತೆಗೇ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬರಬೇಕು. ಒಂದು ಪಾಲು ಬೀಜ ದೇಸಿ ತಳಿ ಉಳಿಸುವ 'ಸಹಜ ಸಮೃದ್ಧ'ದವರಿಗೆ ಕೊಡಬೇಕು, ಮೇಲೆ ನಾದಿನಿಯ ಹೆಸರು ಬರೆದೇ ಕೊಡಬೇಕು. ಅವನು ಒಪ್ಪಿದ್ದಾನೆ. ಚಿಕ್ಕಮ್ಮ ಅದಕ್ಕೂ ಒಂದು ಮಾತು ಸೇರಿಸಿದರು. "ಬರೋನು ಒಂದೆರಡು ದಿನ ಇರೋ ಹಂಗೆ ಬರ್ಲಿ. ಬದ್ನೆ ಬೀಜದ್ದು, ಸೋರೆಕಾಯಿದ್ದು ಇನ್ನೂ ಹೇಳೇ ಇಲ್ಲ."