ಟ್ಯಾಗ್ ಅಂಟಿಸುವ ಜಾಗ

ಗ್ರಂಥಾಲಯಕ್ಕೆ ಆರ್‌ಎಫ್‌ಐಡಿ (ಪುಸ್ತಕಕ್ಕೆ ಅಂಟಿಸಿದ ಚಿಪ್ ಟ್ಯಾಗನ್ನು ರೇಡಿಯೊ ತರಂಗದಿಂದ ಓದುವ ವ್ಯವಸ್ಥೆ) ಬಂತು ಅಂದರೆ ಎಲ್ಲರ ಕಣ್ಣೂ ಸೆಲ್ಫ್ ಚೆಕ್‌ಔಟ್ ಯಂತ್ರದ ಮೇಲೆ. ಕೆಲಸ ಕೆಡುವುದು ಮಾತ್ರ ಟ್ಯಾಗ್ ಅಂಟಿಸುವಾಗ. ಎಲ್ಲ ಪುಸ್ತಕಕ್ಕೂ ಹಿಂರಟ್ಟಿನೊಳಗೆ ಒಂದೇ ಜಾಗದಲ್ಲಿ ಅಂಟಿಸಿದರೆ, ತೆಳ್ಳನೆಯ ಕವನ ಸಂಕಲನಗಳನ್ನು ಪೇರಿಸಿಟ್ಟಾಗ ಟ್ಯಾಗ್‌ಗಳು ಒಂದರ ಮೇಲೊಂದು ಕೂತು, ಅವುಗಳ ಆಂಟೆನಾಗಳು ಯಂತ್ರ ಓದುವ ಆವರ್ತನವಾದ 13.56 ಮೆಗಾಹರ್ಟ್ಸ್‌ನಿಂದ ಜಾರುತ್ತವೆ. ಆರು ಇಟ್ಟರೆ ನಾಲ್ಕೇ ಓದೀತು. ಒಂದಕ್ಕೆ ಕೆಳಗೆ, ಮುಂದಿನದಕ್ಕೆ ನಡುವೆ, ಅದರ ಮುಂದಿನದಕ್ಕೆ ಮೇಲೆ ಅಂಟಿಸುತ್ತಾ ಹೋಗಿ. ಇಷ್ಟು ದುಡ್ಡು ಸುರಿದ ವ್ಯವಸ್ಥೆ ಅಂಟಿಸುವ ಕೈಯನ್ನೇ ನೆಚ್ಚಿಕೊಂಡಿದೆಯಲ್ಲ ಅನ್ನಿಸುತ್ತೆ.

ಲೋಹ ರೇಡಿಯೊ ತರಂಗಕ್ಕೆ ಅಡ್ಡ ಬರುವುದರಿಂದ, ಮಿರುಗುವ ಲೋಹದ ಫಾಯಿಲ್ ರಟ್ಟಿನ ಪುಸ್ತಕಕ್ಕೆ ಹಳೇ ಬಾರ್‌ಕೋಡನ್ನೂ ಉಳಿಸಿಕೊಳ್ಳಿ. ಟ್ಯಾಗ್‌ಗೆ ಪುಸ್ತಕದ ನಂಬರ್ ಬರೆದ ಕೂಡಲೇ ಗ್ರಂಥಾಲಯದ ಲೆಕ್ಕ ಇಡುವ ಕೊಹಾ ತಂತ್ರಾಂಶದಲ್ಲಿ ಅದೇ ಶೀರ್ಷಿಕೆ ತೆರೆಯುತ್ತದಾ ನೋಡಿ. ಅದಲುಬದಲಾದರೆ ವಾಪಸ್ ಕೊಟ್ಟ ಪುಸ್ತಕಕ್ಕೂ ದಂಡ ಬೀಳುತ್ತದೆ, ಕೌಂಟರ್‌ನಲ್ಲಿ ಜಗಳ ಗ್ಯಾರಂಟಿ.