ಲಕ್ಷದ್ವೀಪದ ಹಡಗಿಗೆ ಎಂತೆಲ್ಲ ಬೇಕು, ಎಂತ ಬೇಡ

ಬೇಕಲ ಕೋಟೆಯ ಮೇಲೆ ನಿಂತು ಎಷ್ಟು ಸಲ ಕಡಲು ನೋಡಿದ್ದೇವೋ ಲೆಕ್ಕವಿಲ್ಲ. ಆ ಕಡಲಿನ ಮೇಲೆ ಒಂದು ರಾತ್ರಿ ಮಲಗಿದ್ದು ಮಾತ್ರ ಕಳೆದ ಜನವರಿಯಲ್ಲೇ ಮೊದಲು. ಕಾಸರಗೋಡಿನ ಬದಿಯಡ್ಕದಿಂದ ಹೊರಟವರು ನಾಲ್ಕು ಜನ: ನಾನು, ನನ್ನ ಹೆಂಡತಿ, ಅಕ್ಕ, ಭಾವ. ಐದು ದಿನದ ಪ್ಯಾಕೇಜು. ಕೊಚ್ಚಿಯಲ್ಲಿ ಹಡಗು ಹತ್ತಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ವಾಪಸು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಬಂದ ಮೇಲೆ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಎಂತೆಲ್ಲ ತೆಕ್ಕೊಂಡು ಹೋಯೆಕ್ಕು?”

ನಾವು ಹೊತ್ತುಕೊಂಡು ಹೋದದ್ದರಲ್ಲಿ ಅರ್ಧ ಬೇಡವಾಗಿತ್ತು. ಬೇಕಾದದ್ದರಲ್ಲಿ ಅರ್ಧ ಮನೆಯಲ್ಲಿ ಉಳಿದಿತ್ತು.

ಮೊದಲು ಒಂದು ಸಂಗತಿ ತಿಳಿದಿರಲಿ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು. ದೊಡ್ಡ ಹಡಗು ಎಲ್ಲ ಕಡೆಯೂ ದಡಕ್ಕೆ ತಾಗುವಂತಿಲ್ಲ. ನಮ್ಮದು ಆಳದ ನೀರಿನಲ್ಲೇ ನಿಂತಿತು. ಪಕ್ಕಕ್ಕೆ ಒಂದು ಸಣ್ಣ ಬೋಟು ಬಂತು. ಹಡಗಿನ ಹೊಟ್ಟೆಯಲ್ಲಿರುವ ಬಾಗಿಲಿನಿಂದ ಆ ಬೋಟಿಗೆ ಇಳಿಯಬೇಕು. ಅಲೆ ಬಂದಾಗ ಬೋಟು ನಿಮ್ಮ ಮೊಣಕಾಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ನಾಲ್ಕಡಿ ಕೆಳಗೆ. ಆಚೆ ಇಬ್ಬರು, ಈಚೆ ಇಬ್ಬರು ನಿಂತು ರಟ್ಟೆ ಹಿಡಿಯುತ್ತಾರೆ. “ಚಾಡಲ್ಲೇ, ಚಾಡಲ್ಲೇ” ಅಂತ ಕೂಗುತ್ತಾರೆ, ಹಾರಬೇಡಿ ಅಂತ. ಮಲಯಾಳ ಬರುವುದು ನಮ್ಮ ಊರವರಿಗೆ ಇಲ್ಲಿ ಲಾಭ. ಬೋಟು ಮೇಲೆ ಬಂದಾಗ ಅವರು ಹೇಳುತ್ತಾರೆ, ಆಗ ಕಾಲು ಇಟ್ಟರಾಯಿತು.

ಭಾವ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬುತ್ತಿಚೀಲ ಹಿಡಿದಿದ್ದರು. ಬೋಟಿನವರು ಎರಡೂ ರಟ್ಟೆಗೆ ಕೈ ಹಾಕಿ ಎಳೆದುಕೊಂಡರು. ಭಾವ ಕ್ಷೇಮವಾಗಿ ಇಳಿದರು. ಕೊಡೆಯೂ ಇಳಿಯಿತು. ಆದರೆ ಹಡಗು ಮತ್ತು ಬೋಟಿನ ನಡುವೆ ಏನೋ ಒಂದು ಮಿನುಗಿ ನೀರಿಗೆ ಬಿತ್ತು. “ಎನ್ನ ಕನ್ನಡಕ ಹೋತು ಭಾವಾ” ಅಂದರು, ನೀರನ್ನೇ ನೋಡುತ್ತಾ. ಹಸಿರು ನೀರು, ಅಷ್ಟು ತಿಳಿ. ಅದು ಓಲಾಡುತ್ತಾ ಕೆಳಗೆ ಹೋಗುವುದು ಸುಮಾರು ಹೊತ್ತು ಕಾಣುತ್ತಿತ್ತು. ಮುಂದಿನ ಮೂರು ದಿನ ಅವರು ಲಕ್ಷದ್ವೀಪವನ್ನು ಅಕ್ಕನ ವರ್ಣನೆಯಲ್ಲೇ ನೋಡಿದ್ದು. ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಸಾಮಾನು: ಕನ್ನಡಕಕ್ಕೆ ದಾರ. ಸಾಧ್ಯವಾದರೆ ಇನ್ನೊಂದು ಜೊತೆ ಹಳೆಯ ಕನ್ನಡಕ.

ಎರಡನೆಯದು ಬೆನ್ನಿಗೆ ಹಾಕುವ ಸಣ್ಣ ಚೀಲ. ಬೋಟಿಗೆ ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು. ದಿನದ ಸಾಮಾನೆಲ್ಲ ಅದರಲ್ಲೇ ಹಿಡಿಯಬೇಕು. ಉಪ್ಪುನೀರು ಎರಚುತ್ತದೆ, ಆದ್ದರಿಂದ ಫೋನು, ಹಣ, ಗುರುತಿನ ಚೀಟಿ ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆಮೇಲೆ ಚೀಲಕ್ಕೆ. ರಾತ್ರಿಯ ಬಟ್ಟೆ, ಹೊದಿಕೆ ಎಲ್ಲ ಇನ್ನೊಂದು ಚೀಲದಲ್ಲಿ ಕ್ಯಾಬಿನ್ನಿನಲ್ಲೇ ಇರಲಿ. ಆ ಚೀಲ ಮೆತ್ತಗೆ ಮಡಚುವಂಥದ್ದಾದರೆ ಒಳ್ಳೆಯದು. ನಾನು ಈ ಪ್ರವಾಸಕ್ಕೆಂದೇ ಗಾಲಿಯ ಟ್ರಾಲಿ ಖರೀದಿಸಿದ್ದೆ. ಹಡಗಿನ ಮೆಟ್ಟಿಲು ಏಣಿಯಷ್ಟು ಕಡಿದು, ಬಾಗಿಲಿನ ಹೊಸ್ತಿಲು ಗೇಣುದ್ದ ಎತ್ತರ, ಓಣಿ ಅಗಲವಿಲ್ಲ. ಆ ಗಾಲಿ ಉರುಳಿದ್ದು ಎರ್ನಾಕುಳಂ ರೈಲ್ವೇ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ, ಹಡಗಿನಲ್ಲಿ ನಾನೇ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿದೆ. ಕ್ಯಾಬಿನ್ನಿನಲ್ಲಿ ಮಂಚದ ಅಡಿಗೂ ಹೋಗಲಿಲ್ಲ.

ಕಾಗದಪತ್ರದ ವಿಷಯ. ಪರ್ಮಿಟ್ ಇಲ್ಲದೆ ಯಾರೂ ದ್ವೀಪಕ್ಕೆ ಕಾಲಿಡುವ ಹಾಗಿಲ್ಲ. ತಮಾಷೆ ಏನೆಂದರೆ, 1956ರ ನವೆಂಬರ್ 1ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳೂ ನಮ್ಮ ಕಾಸರಗೋಡು ತಾಲೂಕೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು, ಒಬ್ಬನೇ ಕಲೆಕ್ಟರನ ಕೈಕೆಳಗೆ. ಅದೇ ದಿನ ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತಕ್ಕೆ ಹೋದವು. ಈಗ ಹಳೆಯ ನೆರೆಕರೆಗೆ ಹೋಗಲು ಅರ್ಜಿ ಹಾಕಬೇಕು! ಪರ್ಮಿಟ್ಟಿನ ಎರಡು ಪ್ರತಿ, ಆಧಾರಿನ ಮೂಲ ಕಾರ್ಡು ಕೈಗೆ ಸಿಗುವಲ್ಲಿ ಇರಲಿ. ಫೋನಿನಲ್ಲಿ ಉಂಟು ಅಂತ ಧೈರ್ಯ ಬೇಡ, ನಡುಗಡಲಿನಲ್ಲಿ ಸಿಗ್ನಲ್ ಇರುವುದಿಲ್ಲ. ಹಣವೂ ಅಷ್ಟೇ, ಸಣ್ಣ ನೋಟುಗಳು ಬೇಕು.

ಬಟ್ಟೆಯಲ್ಲಿ ಮೈ ಒರೆಸುವ ನಮ್ಮ ಊರಿನ ಬೈರಾಸಿಗೆ ಸಮ ಯಾವುದೂ ಇಲ್ಲ. ಹೆಂಡತಿ ದಪ್ಪ ಟರ್ಕಿ ಟವೆಲ್ ಎರಡು ತುಂಬಿಸಿದ್ದಳು. ಮೊದಲ ದಿನ ಕವರತ್ತಿಯ ನೀರಿನಲ್ಲಿ ಒದ್ದೆಯಾದದ್ದು ಕೊನೆಯ ದಿನದವರೆಗೂ ಒಣಗಲಿಲ್ಲ, ಕ್ಯಾಬಿನ್ನಿಗೆ ಬಿಸಿಲಿಲ್ಲ ನೋಡಿ. ತೆಳ್ಳಗಿನ ಬೈರಾಸು ಒಂದು ಗಂಟೆಯಲ್ಲಿ ಗರಿಗರಿ. ನೀರಿಗಿಳಿಯಲು ಉದ್ದ ತೋಳಿನ ಟೀ ಶರ್ಟು, ಮೊಣಕಾಲು ಮುಚ್ಚುವ ಚಡ್ಡಿ ಅಥವಾ ಲೆಗ್ಗಿಂಗ್ಸ್ ಸಾಕು. ಬಿಸಿಲಿಗೂ ಅದೇ ರಕ್ಷಣೆ, ಅಲ್ಲಿಯ ಜನರ ರೀತಿ ರಿವಾಜಿಗೂ ಅದೇ ಸರಿ. ದ್ವೀಪದವರು ಹೆಚ್ಚಿನವರೂ ಮುಸ್ಲಿಮರು. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಲು ಹೋಗುವಾಗ ಮೈ ಮುಚ್ಚುವ ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಇಷ್ಟು ಬಿಸಿಲಿನ ಊರಿಗೆ ಶಾಲು ಯಾಕೆ ಅಂತ ನಾನೂ ನಕ್ಕಿದ್ದೆ. ಹಡಗಿನ ಏಸಿ ರಾತ್ರಿ ನಡುಗಿಸಿಬಿಟ್ಟಿತು. ಅಕ್ಕ ಮಾತ್ರ ಶಾಲು ಹೊದ್ದು ಸುಖವಾಗಿ ಗೊರಕೆ ಹೊಡೆದರು.

ಬಿಳಿ ಮರಳು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎಸೆಯುತ್ತದೆ. ಟೊಪ್ಪಿಗೆ ಗದ್ದದಡಿ ಕಟ್ಟುವ ದಾರ ಇಲ್ಲದಿದ್ದರೆ ಬೋಟಿನಲ್ಲೇ ಹಾರಿಹೋಗುತ್ತದೆ. ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ತರಬಹುದಿತ್ತು ಅಂತ ಭಾವನ ಅಭಿಪ್ರಾಯ. ಆದರೆ ಅವರ ಇನ್ನುಳಿದ ಸಾಮಾನಿನ ಗತಿ ನೋಡಿದರೆ ಅದೂ ಮೀನಿನ ಪಾಲೇ ಆಗುತ್ತಿತ್ತು.

ಚಪ್ಪಲಿ ಹಿಂದೆ ಪಟ್ಟಿ ಇರುವ ರಬ್ಬರಿನದ್ದೇ ಬೇಕು. ನೀರಿನಡಿಯ ಹವಳ ಅಂದರೆ ಮಣೆಕತ್ತಿಯಷ್ಟು ಹರಿತ, ಹವಾಯಿ ಹಾಕಿದರೆ ಅದು ತೇಲಿಹೋಗಿ ಬರಿಗಾಲೇ ಗತಿ. ಕೊಯ್ದ ಗಾಯ ಬೇಗ ಮಾಗುವುದೂ ಇಲ್ಲ. ಮುಲಾಮು, ಬ್ಯಾಂಡೇಜು ಬೆನ್ನಚೀಲದಲ್ಲೇ ಇರಲಿ.

ಇನ್ನು ಹೊಟ್ಟೆಯ ಪಾಡು. ಕೊಚ್ಚಿಯಿಂದ ಕವರತ್ತಿಗೆ 400 ಕಿಲೋಮೀಟರಿನಷ್ಟು ದೂರ, ಇಡೀ ರಾತ್ರಿಯ ಓಲಾಟ. ವಾಂತಿಯ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳಸಲು ಸುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಇವುಗಳಲ್ಲಿ ನಿದ್ದೆ ಬರಿಸುವಂಥವೂ ಇವೆ, ಬೇರೆ ಔಷಧ ತೆಗೆದುಕೊಳ್ಳುವವರು ಡಾಕ್ಟರರ ಹತ್ತಿರ ಕೇಳಿಯೇ ಕೊಂಡುಕೊಳ್ಳಿ. ಅಕ್ಕ ಡಬ್ಬಿಯಲ್ಲಿ ಉಪ್ಪು ಹಾಕಿ ಒಣಗಿಸಿದ ಶುಂಠಿ, ನೆಲ್ಲಿಕಾಯಿ ತಂದಿದ್ದರು. ಎರಡನೇ ರಾತ್ರಿ ಪಕ್ಕದ ಕ್ಯಾಬಿನ್ನಿನವರೂ ಬಂದು ಕೇಳಿಕೊಂಡು ಹೋದರು. ಹಡಗಿನ ನಡುಭಾಗದಲ್ಲಿ ಓಲಾಟ ಕಡಿಮೆ. ಡೆಕ್ಕಿಗೆ ಹೋಗಿ ದೂರದ ಗೆರೆಯನ್ನೇ ನೋಡುತ್ತಾ ಕುಳಿತರೂ ಸುಧಾರಿಸುತ್ತದೆ.

ಊಟ ಕೊಡುತ್ತಾರೆ, ತರಕಾರಿಯದ್ದೂ ಉಂಟು. ಮೀನು ತಿನ್ನುವವರಿಗೆ ಚೂರದ (ಟ್ಯೂನಾ ಮೀನಿನ) ಸುಗ್ಗಿ. ನಮ್ಮಂಥ ಸಸ್ಯಾಹಾರಿಗಳಿಗೆ ಮಾಂಬಳ (ಒಣಗಿಸಿದ ಮಾವಿನ ರಸ), ಉಪ್ಪಿನಕಾಯಿ, ಒಗ್ಗರಣೆ ಅವಲಕ್ಕಿ ಆಪತ್ತಿಗೆ ಆಯಿತು. ಹಪ್ಪಳ ಕರಿದು ತರಬೇಡಿ, ಕಡಲ ಗಾಳಿಗೆ ಮೆತ್ತಗಾಗಿ ಕಾಗದದಂತಾಗುತ್ತದೆ. ಮದ್ಯ ಚೀಲದಲ್ಲಿ ಸಿಕ್ಕಿದರೆ ಕಷ್ಟ, ಈ ಮೂರೂ ದ್ವೀಪಗಳಲ್ಲಿ ಅದಕ್ಕೆ ನಿಷೇಧ. ಬರುವಾಗ ಹವಳದ ತುಂಡು ಹೆಕ್ಕಿ ತರುವುದೂ ಅಪರಾಧ.

ಮುಂಬೈಯಿಂದ ಹೊರಡುವ ಐಷಾರಾಮಿ ಹಡಗಿಗೆ ಹೋಗುವವರ ಕತೆ ಸ್ವಲ್ಪ ಬೇರೆ. ಹೋಗಿಬಂದ ತಮ್ಮ ಹೇಳಿದ್ದು: ದೊಡ್ಡ ಚೀಲಗಳನ್ನು ಬಂದರಿನಲ್ಲೇ ತೆಗೆದುಕೊಂಡು ಗಂಟೆಗಟ್ಟಲೆ ಬಿಟ್ಟು ಕ್ಯಾಬಿನ್ನಿಗೆ ತಲುಪಿಸುತ್ತಾರೆ, ಅದುವರೆಗೆ ಮಾತ್ರೆ, ಈಜುಬಟ್ಟೆ ಎಲ್ಲ ಕೈಚೀಲದಲ್ಲೇ ಬೇಕು. ಇಸ್ತ್ರಿಪೆಟ್ಟಿಗೆ, ಕೆಟಲ್ ಬೆಂಕಿಯ ಭಯಕ್ಕೆ ಹಿಡಿದಿಡುತ್ತಾರೆ. ರಾತ್ರಿಯೂಟಕ್ಕೆ ಒಂದು ಜೊತೆ ಒಳ್ಳೆಯ ಬಟ್ಟೆ ಬೇಕು.

ಮಳೆಗಾಲದ ತಿಂಗಳು ಬಿಟ್ಟು ಹೋಗಿ. ಕಾಸರಗೋಡಿನಿಂದ ಸಂಜೆಯ ಮಾವೇಲಿ ರೈಲು ಹತ್ತಿದರೆ ನಡುರಾತ್ರಿಗೆ ಎರ್ನಾಕುಳಂ. ಅಲ್ಲಿಂದ ವಿಲ್ಲಿಂಗ್ಡನ್ ದ್ವೀಪದ ಬಂದರಿಗೆ ರಿಕ್ಷಾ ಸಿಗುತ್ತದೆ. ಕೊನೆಗೆ ಒಂದು: ಹಿಂದೆ ಬರುವ ರೈಲಿಗೆಂದು ಒಣ ಬಟ್ಟೆ ಒಂದು ಜೊತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಚೀಲದ ಅಡಿಯಲ್ಲಿಡಿ, ಏನೇ ಆದರೂ ಅದನ್ನು ಬಿಚ್ಚಬೇಡಿ. ನಾನು ಮೂರನೇ ದಿನವೇ ಬಿಚ್ಚಿದ್ದೆ. ಎರ್ನಾಕುಳಂನಿಂದ ಕಾಸರಗೋಡಿನವರೆಗೆ ಉಪ್ಪುಗಟ್ಟಿದ ಪ್ಯಾಂಟಿನಲ್ಲಿ ತುರಿಸಿಕೊಳ್ಳುತ್ತಾ ಬಂದೆ.