ಶ್ರುತಿಗೆ ಸೇರದ ಗುಂಯ್

ಮಾವನ ಮನೆ ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ. ಮುಂಬೈಯ ಕೆಲಸ ಬಿಟ್ಟು ಊರಿಗೆ ಬರುವಾಗ ಅವರು ಒಂದು ರೆಕಾರ್ಡ್ ಪ್ಲೇಯರ್ ಮತ್ತು ಪೆಟ್ಟಿಗೆ ತುಂಬಾ ಎಲ್‌ಪಿ ತಂದಿದ್ದರು. ಕಳೆದ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಹೋದಾಗ, "ಇದೊಂದು ನೋಡು ಮಾರಾಯ, ಹಾಡಿನ ಅಡಿಯಲ್ಲಿ ಗುಂಯ್ ಅಂತ ಕೇಳ್ತದೆ" ಎಂದರು.

"ಅದು ತಂಬೂರಿ ಅಲ್ವಾ?" ಎಂದರು ಅತ್ತೆ.

ತಂಬೂರಿಯಾಗಿದ್ದರೆ ಚೆನ್ನಾಗಿತ್ತು. ಅದು ಕರೆಂಟಿನ ಸದ್ದು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ 50 ಸಲ ಅಲೆಯಾಡುವಂಥದ್ದು. ಅದು 50ರಲ್ಲೋ ಅದರ ದುಪ್ಪಟ್ಟು 100ರಲ್ಲೋ ಗುಂಯ್ಗುಡುತ್ತದೆ. ಗಾಯಕರ ಷಡ್ಜಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎರಡು ಶ್ರುತಿ ಒಟ್ಟಿಗೆ ಕೇಳಿದರೆ ಸಂಗೀತ ಬಲ್ಲವರಿಗೆ ತಲೆನೋವು ಬರುವುದು ಸಹಜ.

ವಯರ್‌ಮ್ಯಾನ್ ನನಗಿಂತ ಮೊದಲೇ ಬಂದು ಅಂಗಳದ ಅರ್ತ್ ಗುಂಡಿಗೆ ಉಪ್ಪು ನೀರು ಹೊಯ್ದು ಕೂತಿದ್ದ. ಜಡಿಮಳೆಯ ಆಟಿಯಲ್ಲಿ ಗುಂಡಿಗೆ ನೀರು! ಅದರಿಂದ ಏನೂ ಆಗಲಿಲ್ಲ. ಪ್ಲಗ್ಗಿನ ಅರ್ತ್ ಪಿನ್ ಕಿತ್ತರೆ ಸರಿಯಾದೀತು ಎಂದ. ಬೇಡವೇ ಬೇಡ ಎಂದೆ. ಆಂಪ್ಲಿಫೈಯರಿನ ಮೈ ಕಬ್ಬಿಣದ್ದು, ಒಳಗೆ ಎಲ್ಲಾದರೂ ಕರೆಂಟು ತಾಗಿದರೆ ನಮ್ಮನ್ನು ಉಳಿಸುವುದು ಅದೇ ಪಿನ್ನು. ಗುಂಯ್ ಜೊತೆ ಬದುಕಬಹುದು, ಶಾಕ್ ಜೊತೆ ಆಗದು.

ಅದೇ ಆಂಪ್ಲಿಫೈಯರಿಗೆ ಮಾವ ತಾಳಮದ್ದಳೆಯ ಕ್ಯಾಸೆಟ್ ಹಾಕಿದರೆ ಗುಂಯ್ ಇಲ್ಲ. ಸೂಜಿ ಎತ್ತಿಟ್ಟು ಫೋನೋಗೆ, ಅಂದರೆ ರೆಕಾರ್ಡ್ ಪ್ಲೇಯರಿನ ಕಡೆಗೆ, ತಿರುಗಿಸಿ ವಾಲ್ಯೂಮ್ ಏರಿಸಿದರೆ ಇದೆ. ಅಂದರೆ ತಟ್ಟೆ ತಿರುಗುವ ಸದ್ದಲ್ಲ, ರೆಕಾರ್ಡಿನದ್ದೂ ಅಲ್ಲ. ಸೂಜಿ ಹಿಡಿದಿರುವ ತೋಳಿನ, ಅಂದರೆ ಟೋನ್‌ಆರ್ಮಿನ, ಲೋಹ ಮುಟ್ಟಿದೆ, ಗುಂಯ್ ಬದಲಾಯಿತು. ಆಗಲೇ ಪ್ಲೇಯರಿನ ಅರ್ತ್ ವಯರಿನ ಮೇಲೆ ಸಂಶಯ ಬಂತು.

ಕ್ಯಾಸೆಟ್ಟಿಗೆ ಬಾರದ್ದು ರೆಕಾರ್ಡಿಗೆ ಯಾಕೆ? ಸೂಜಿಯ ಅಲುಗಾಟವನ್ನು ಕರೆಂಟಾಗಿಸುವ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅದನ್ನು ಫೋನೋ ಸರ್ಕ್ಯೂಟ್ ನೂರು ಪಟ್ಟು ಹಿಗ್ಗಿಸಬೇಕು. ಅದೂ ಸಾಲದು. ರೆಕಾರ್ಡ್ ಕೊರೆಯುವಾಗ ಗೆರೆಗಳು ಒಂದಕ್ಕೊಂದು ತಾಗಬಾರದೆಂದು ತಗ್ಗಿನ ಸ್ವರಗಳನ್ನು ಕುಗ್ಗಿಸಿರುತ್ತಾರೆ. ನುಡಿಸುವಾಗ ಮತ್ತೆ ಏರಿಸಬೇಕು. ಹಾಗಾಗಿ 50 ಹರ್ಟ್ಸ್‌ಗೆ ನಡು ಸ್ವರಗಳಿಗಿಂತ ಏಳು ಪಟ್ಟು ಹೆಚ್ಚು ಬಲ ಸಿಗುತ್ತದೆ. ಕಳ್ಳ ಒಳಗೆ ಬರುವುದೇ ಆ ಬಾಗಿಲಿಂದ.

ಪ್ಲೇಯರಿನಿಂದ ಆಡಿಯೋ ಕೇಬಲ್ ಜೊತೆ ಒಂದು ಸಪೂರ ಅರ್ತ್ ವಯರು ಬರುತ್ತದೆ. ಅದನ್ನು ಆಂಪ್ಲಿಫೈಯರಿನ ಹಿಂದಿನ ಸ್ಕ್ರೂಗೆ ಕಟ್ಟಬೇಕು. ಕಟ್ಟಿಯೂ ಇತ್ತು, ಸ್ಕ್ರೂ ಬಿಗಿಯಾಗಿಯೇ ಇತ್ತು. ಬೇರೊಂದು ವಯರಿನ ಒಂದು ತುದಿ ಪ್ಲೇಯರಿನ ಲೋಹಕ್ಕೆ, ಇನ್ನೊಂದು ಸ್ಕ್ರೂಗೆ ಒತ್ತಿ ಹಿಡಿದೆ. ಗುಂಯ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು! ಹಳೆ ವಯರಿನ ತುದಿ ಬಿಚ್ಚಿ ನೋಡಿದರೆ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು. ಗೋಡೆಗೆ ಬೂಸ್ಟು ಹಿಡಿಯುವ ನಮ್ಮ ಮಳೆಗಾಲ ತಾಮ್ರವನ್ನು ಬಿಡುತ್ತದೆಯೇ? ತುದಿ ಕತ್ತರಿಸಿ, ಹೊಳೆಯುವ ಎಳೆ ಸಿಗುವವರೆಗೆ ಸುಲಿದು ಕಟ್ಟಿದೆ.

ಉಳಿದದ್ದು ಬೇರೆಯೇ ಜಾತಿಯ ಗುಂಯ್. ಸೂಜಿ ಕೆಳಗಿಳಿಸದೆ ಆರ್ಮನ್ನು ಕೈಯಲ್ಲೇ ಅತ್ತಿತ್ತ ಸರಿಸಿದೆ. ಬಲಕ್ಕೆ ತಂದರೆ ಕಡಿಮೆ, ನಡುವಿಗೆ ತಂದರೆ ಜಾಸ್ತಿ. ಆಂಪ್ಲಿಫೈಯರು ಸರಿಯಾಗಿ ಕೆಳಗಿನ ಹಲಗೆಯಲ್ಲಿತ್ತು. ಅದರ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕಾರ್ಟ್ರಿಜ್‌ನೊಳಗಿನ ಸುರುಳಿಗಳು ಹೀರುತ್ತಿದ್ದವು. ಅದಕ್ಕೆ ಅರ್ತ್ ಕಟ್ಟಿ ಪ್ರಯೋಜನವಿಲ್ಲ, ದೂರ ಇಡುವುದೇ ಮದ್ದು. ಆಂಪ್ಲಿಫೈಯರನ್ನು ಪಕ್ಕದ ಮೇಜಿಗೆ ಸಾಗಿಸಿದೆವು. ಅತ್ತೆಗೆ ಆ ಜಾಗ ಅಷ್ಟು ಹಿಡಿಸಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು, ಆಟಿಯಲ್ಲಿ ಇದು ಮಾಮೂಲು. ಇನ್ವರ್ಟರ್ ಹಿಡಿದೊಡನೆ ಸ್ಪೀಕರಿನಲ್ಲಿ ಝರ್ರ್ ಎಂಬ ಹೊಸ ಸದ್ದು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಕರೆಂಟಿನ ಅಲೆ ನಯವಲ್ಲ, ಚೌಕ; ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಕರೆಂಟು ಬಂದ ಮೇಲೆ ಹಾಡು ಕೇಳಿ ಮಾವ ಎಂದೆ.

ವಯರ್‌ಮ್ಯಾನ್ ಎಲ್ಲವನ್ನೂ ನೋಡುತ್ತಾ ನಿಂತಿದ್ದ. "ಅಣ್ಣಾ, ನಮ್ಮ ಭಜನಾ ಮಂದಿರದ ಮೈಕ್ ಸೆಟ್ಟೂ ಹೀಗೇ ಗುಂಯ್ಗುಡ್ತದೆ. ಅಲ್ಲಿಯೂ ಇದೇ ವಯರಾ?" ಎಂದು ಕೇಳಿದ. ವಿಚಾರಿಸಿದರೆ ಮಿಕ್ಸರಿಗೆ ಒಂದು ಬೋರ್ಡಿಂದ, ಆಂಪ್ಲಿಫೈಯರಿಗೆ ಅಂಗಳದಾಚೆಯ ಇನ್ನೊಂದು ಬೋರ್ಡಿಂದ ಕರೆಂಟು. ಎರಡು ಅರ್ತ್‌ಗಳ ನಡುವೆ ಕೇಬಲ್ಲೇ ದಾರಿಯಾಗಿ ಸುತ್ತು ಕಟ್ಟಿರಬೇಕು, ಅದರಲ್ಲಿ ಹರಿಯುವ ಕರೆಂಟೇ ಗುಂಯ್ ಆಗಿರಬೇಕು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡು, ಪಿನ್ ಮಾತ್ರ ಕೀಳಬೇಡ ಎಂದೆ. ಸಂಜೆಯೇ ನೋಡ್ತೇನೆ ಎಂದು ಸ್ಕೂಟರ್ ಹತ್ತಿದ.